ಸನ್ನೆ ಭಾಷೆ ಇಂಟರ್‌ಪ್ರಿಟರ್ ತರಬೇತಿ: ಆನ್‌ಲೈನ್ ಕೋರ್ಸಾ, ಡಿಪ್ಲೊಮಾನಾ, ಕಾಲೇಜಿಗೇ ಬರುವ ಕಿವುಡ ಮೇಷ್ಟ್ರಾ?

ನೇರವಾಗಿ ಹೇಳಿಬಿಡುತ್ತೇನೆ. ಡಿಗ್ರಿ ಓದುವ ಮಕ್ಕಳನ್ನು ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಮಾಡಬೇಕು ಅಂತಿದ್ದರೆ ಮೊದಲು ಒಬ್ಬ ಕಿವುಡ ಮೇಷ್ಟ್ರನ್ನು ಕಾಲೇಜಿಗೆ ಕರೆಸಿ. ಉಳಿದದ್ದೆಲ್ಲ ಆಮೇಲೆ. ಮೈಸೂರಿನ ನಮ್ಮ ಕಾಲೇಜಿನಲ್ಲಿ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿ ನೋಡಿದ್ದೇವೆ. ಮೇಷ್ಟ್ರನ್ನು ಕರೆಸಿ ಸಂಜೆ ಕ್ಲಾಸು ನಡೆಸುತ್ತಿದ್ದೇವೆ. ಎರಡು ವರ್ಷದ ಡಿಪ್ಲೊಮಾಗೂ ನಮ್ಮ ವಿದ್ಯಾರ್ಥಿಗಳು ಹೋಗಿದ್ದಾರೆ. ಮೂರನ್ನೂ ಹತ್ತಿರದಿಂದ ಕಂಡ ಮೇಲೆ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಬಿ.ಕಾಂ.ಗೆ ಕಿವುಡ ವಿದ್ಯಾರ್ಥಿಗಳು ಸೇರಿದಾಗ. ಪಾಠಕ್ಕೆ ಇಂಟರ್‌ಪ್ರಿಟರ್ ಬೇಕು, ಸಿಗುವವರು ಬೆರಳೆಣಿಕೆ. 2011ರ ಜನಗಣತಿಯಲ್ಲಿ ಕೇಳುವ ತೊಂದರೆ ಇದೆ ಅಂತ ಬರೆಸಿಕೊಂಡವರೇ ದೇಶದಲ್ಲಿ 50 ಲಕ್ಷ ಜನ. ಎಲ್ಲರೂ ಸನ್ನೆ ಭಾಷೆ ಬಳಸುವವರಲ್ಲ, ನಿಜ. ಆದರೂ ಆಸ್ಪತ್ರೆ, ಬ್ಯಾಂಕು, ಪೊಲೀಸ್ ಠಾಣೆ ಎಲ್ಲ ಕಡೆ ಈ ಕೊರತೆ ಕಾಣುತ್ತದೆ. 2024ರ ಏಪ್ರಿಲ್‌ನಲ್ಲಿ ಕಿವಿ ಕೇಳದ ವಕೀಲೆ ಸಾರಾ ಸನ್ನಿ ಇಂಟರ್‌ಪ್ರಿಟರ್ ಮೂಲಕ ಕರ್ನಾಟಕ ಹೈಕೋರ್ಟಿನಲ್ಲಿ ವಾದ ಮಾಡಿದರಲ್ಲ, ಆ ಸುದ್ದಿ ಓದಿದ ಮೇಲೆ ನಮ್ಮಲ್ಲಿ ಹೆಸರು ಕೊಟ್ಟವರು ತುಂಬಾ ಜನ.

ಮೊದಲು ಆನ್‌ಲೈನ್ ಕೋರ್ಸು. ಹೆಸರು ಬೇಡ. ವಾರಕ್ಕೆ ಎರಡು ಲೈವ್ ಕ್ಲಾಸು, ಎಲ್ಲದರ ರೆಕಾರ್ಡಿಂಗು, ಕೊನೆಗೆ ಸರ್ಟಿಫಿಕೇಟು. ಪಾಠ ಮಾಡುತ್ತಿದ್ದವರು ಕಿವುಡರೇ, ಒಳ್ಳೆಯ ಟೀಚರ್. ಅವರ ಬಗ್ಗೆ ನನಗೆ ಒಂದು ದೂರೂ ಇಲ್ಲ. ತೊಂದರೆ ಇದ್ದದ್ದು ಪರದೆಯಲ್ಲಿ.

ಮೀಟಿಂಗ್ ಆ್ಯಪುಗಳಲ್ಲಿ ಸಾಮಾನ್ಯವಾಗಿ ಯಾರ ಕಡೆಯಿಂದ ಶಬ್ದ ಬರುತ್ತದೋ ಅವರ ಮುಖ ದೊಡ್ಡದಾಗುತ್ತದೆ. ಟೀಚರ್ ಮಾತಾಡುವುದಿಲ್ಲ, ಕೈಯಲ್ಲಿ ಹೇಳುತ್ತಾರೆ. ಹಾಗಾಗಿ ಆ ಆ್ಯಪಿನ ಲೆಕ್ಕದಲ್ಲಿ ಅವರು ಸುಮ್ಮನೆ ಕೂತಿದ್ದಾರೆ. ಯಾರೋ ಕೆಮ್ಮಿದರೆ ಅವರ ಮುಖ ಪರದೆ ತುಂಬಾ. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿದರೆ ಅಡುಗೆಮನೆ ಬಾಗಿಲು ಪರದೆ ತುಂಬಾ. ಟೀಚರ್ ಮೂಲೆಯ ಪುಟ್ಟ ಚೌಕಕ್ಕೆ ಹೋಗುತ್ತಾರೆ, ಅಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ. ಕಣ್ಣಿನಲ್ಲಿ ಕೇಳಬೇಕಾದ ಭಾಷೆ ಇದು. ಎರಡು ಸೆಕೆಂಡ್ ತಪ್ಪಿದರೆ ಮಧ್ಯದ ಸನ್ನೆಗಳೇ ಮಾಯ.

ಟೀಚರನ್ನು ಪಿನ್ ಮಾಡಿಕೊಳ್ಳಿ, ಅಂದರೆ ಅವರ ಚೌಕವೇ ಸದಾ ದೊಡ್ಡದಾಗಿ ಕಾಣುವಂತೆ ಇಟ್ಟುಕೊಳ್ಳಿ ಅಂದರು ಕೋರ್ಸಿನವರು. ಮಾಡಿಕೊಂಡೆವು, ಲೈವ್ ಕ್ಲಾಸು ಸ್ವಲ್ಪ ಸರಿಹೋಯಿತು. ಆದರೆ ನಾವು ಆ ಕೋರ್ಸು ತೆಗೆದುಕೊಂಡದ್ದೇ ರೆಕಾರ್ಡಿಂಗಿಗಾಗಿ. ನಮ್ಮ ಪಿನ್ನು ನಮ್ಮ ಪರದೆಗಷ್ಟೇ. ರೆಕಾರ್ಡಿಂಗಿನಲ್ಲಿ ಇರುವುದು ಶಬ್ದ ಮಾಡಿದವರ ಮುಖಗಳೇ! ಸೆಮಿಸ್ಟರ್ ಪರೀಕ್ಷೆ ಅಂತ ಕ್ಲಾಸು ತಪ್ಪಿಸಿಕೊಂಡ ಮಕ್ಕಳು ಆಮೇಲೆ ನೋಡಿಕೊಳ್ಳೋಣ ಅಂದುಕೊಂಡಿದ್ದರು. ಅವರಿಗೆ ಸಿಕ್ಕಿದ್ದು ಸಹಪಾಠಿಗಳ ಮುಖ. ಸಂಸ್ಥೆಗೆ ಮೂರ್ನಾಲ್ಕು ಮೇಲ್ ಹಾಕಿದೆವು. ಮುಂದಿನ ಬ್ಯಾಚಿಗೆ ಸರಿ ಮಾಡುತ್ತೇವೆ ಅಂದರು. ನಮ್ಮ ಬ್ಯಾಚಿನ ದುಡ್ಡು ವಾಪಸ್ ಬರಲಿಲ್ಲ.

ಇನ್ನೊಂದು ಕಡೆ ಡೇಟಾ ಸಮಸ್ಯೆ. ಹಳ್ಳಿಯಿಂದ ಬರುವ ಮಕ್ಕಳು ಡೇಟಾ ಉಳಿಸಲು ವಿಡಿಯೊ ಆಫ್ ಮಾಡುತ್ತಾರೆ. ಬೇರೆ ಯಾವ ಪಾಠದಲ್ಲಾದರೂ ಅದು ನಡೆಯುತ್ತದೆ. ಇಲ್ಲಿ ವಿಡಿಯೊ ಆಫ್ ಆದರೆ ಆ ವಿದ್ಯಾರ್ಥಿ ಬಾಯಿ ಮುಚ್ಚಿಕೊಂಡಂತೆ. ತಪ್ಪು ತಿದ್ದುವುದಾದರೂ ಹೇಗೆ?

ಈಗ ನಮ್ಮ ಮೇಷ್ಟ್ರು. ಕಿವುಡರ ಸಂಘದ ಮೂಲಕ ಸಿಕ್ಕವರು. ಸನ್ನೆ ಭಾಷೆ ಕಲಿಸುವುದಕ್ಕೇ ತರಬೇತಿ ಪಡೆದಿದ್ದಾರೆ. ವಾರಕ್ಕೆ ಮೂರು ಸಂಜೆ ಬರುತ್ತಾರೆ. ಬಂದ ಕೂಡಲೇ ಬೆಂಚು ಎಳೆಸಿ ಅರ್ಧ ವೃತ್ತ ಮಾಡಿಸುತ್ತಾರೆ, ಒಬ್ಬರ ಕೈ ಇನ್ನೊಬ್ಬರಿಗೆ ಕಾಣಬೇಕು. ಗಮನ ಬೇಕಾದರೆ ಟ್ಯೂಬ್‌ಲೈಟ್ ಆರಿಸಿ ಹಾಕುತ್ತಾರೆ. ಆ ಕ್ಲಾಸಿನಲ್ಲಿ ಬಾಯಿ ಮಾತಿಲ್ಲ.

ಒಂದು ಸಂಜೆ ಒಬ್ಬ ಹುಡುಗಿ ‘ಊಟ ಆಯ್ತಾ’ ಅಂತ ಅವರನ್ನು ಕೇಳಿದಳು. ಕೈ ಎರಡೂ ಸರಿ ಇತ್ತು. ಮೇಷ್ಟ್ರು ಉತ್ತರ ಕೊಡದೆ ಸುಮ್ನೆ ನೋಡುತ್ತಾ ನಿಂತರು. ಮತ್ತೆ ಮಾಡಿದಳು. ಮತ್ತೆ ಸುಮ್ನೆ. ಕೊನೆಗೆ ತಮ್ಮ ಹುಬ್ಬಿನ ಮೇಲೆ ಬೆರಳಿಟ್ಟು ಮೇಲಕ್ಕೆ ತಳ್ಳಿ ತೋರಿಸಿದರು. ಹೌದು-ಇಲ್ಲ ಅನ್ನುವ ಪ್ರಶ್ನೆಗೆ ಹುಬ್ಬು ಏರಬೇಕು. ಏರದಿದ್ದರೆ ಅದು ಪ್ರಶ್ನೆಯೇ ಅಲ್ಲ, ‘ಊಟ ಆಯ್ತು’ ಅಂತ ನೀವೇ ಹೇಳಿದ ಹಾಗೆ. ಅವಳು ಹುಬ್ಬು ಏರಿಸಿದಳು, ಅವರು ಉತ್ತರ ಕೊಟ್ಟರು. ಅಂದಿನಿಂದ ಆ ಬ್ಯಾಚಿನಲ್ಲಿ ಯಾರೂ ಹುಬ್ಬು ಮರೆತಿಲ್ಲ.

ಕನ್ನಡ ಮೀಡಿಯಮ್ ಮಕ್ಕಳಿಗೆ ಇಲ್ಲಿ ಒಂದು ಅನುಕೂಲ ಇದೆ. ಭಾರತೀಯ ಸನ್ನೆ ಭಾಷೆಯಲ್ಲಿ ‘ಏನು’, ‘ಎಲ್ಲಿ’ ಸಾಮಾನ್ಯವಾಗಿ ಕೊನೆಗೆ ಬರುತ್ತವೆ, ‘ನಿಮ್ಮ ಹೆಸರು ಏನು’ ಅನ್ನುವ ಹಾಗೆಯೇ. ‘ಇಲ್ಲ’ ಕೂಡ ಕೊನೆಗೇ. ಆನ್‌ಲೈನ್ ಕೋರ್ಸಿನ ಸ್ಲೈಡುಗಳು ಇಂಗ್ಲಿಷಿನಲ್ಲಿದ್ದವು. ಅದನ್ನು ನೋಡಿ ಕಲಿತವರು ‘ಏನು’ ಮೊದಲು ಹಾಕಿಬಿಡುತ್ತಿದ್ದರು, ಬಿಡಿಸಲು ಸಾಕಾಯಿತು.

ಮೇಷ್ಟ್ರ ಕ್ಲಾಸಿನಲ್ಲೂ ಒಂದು ಕೊರತೆ ಇದೆ. ಇಂಟರ್‌ಪ್ರಿಟರ್ ಕೆಲಸದಲ್ಲಿ ಎರಡು ದಾರಿ: ಮಾತನ್ನು ಕೈಗೆ ತರುವುದು, ಕೈಯನ್ನು ಮಾತಿಗೆ ತರುವುದು. ನಮ್ಮ ಮಕ್ಕಳಿಗೆ ಎರಡನೆಯದೇ ಜಾಸ್ತಿ ಕಷ್ಟ. ಮೇಷ್ಟ್ರು ‘ನಾನು ಬ್ಯಾಂಕಿಗೆ ಹೋದೆ’ ಅಂದರೆ ವಿದ್ಯಾರ್ಥಿಯೂ ‘ನಾನು ಬ್ಯಾಂಕಿಗೆ ಹೋದೆ’ ಅನ್ನಬೇಕು. ಕನ್ನಡದ ನಾಲಿಗೆಗೆ ‘ಅವರು ಬ್ಯಾಂಕಿಗೆ ಹೋಗಿದ್ರಂತೆ’ ಅಂತಲೇ ಬರುತ್ತದೆ. ಆ ‘ಅಂತೆ’ ಬಂದರೆ ಮಾತು ಕಿವುಡ ವ್ಯಕ್ತಿಯದ್ದಾಗಿ ಉಳಿಯುವುದಿಲ್ಲ, ಮಧ್ಯೆ ಇನ್ನೊಬ್ಬರು ಬಂದು ಕೂರುತ್ತಾರೆ. ಆದರೆ ಮೇಷ್ಟ್ರಿಗೆ ಅದು ಕೇಳಿಸುವುದಿಲ್ಲ, ತಿದ್ದಲು ಆಗುವುದಿಲ್ಲ. ಅದಕ್ಕೆ ತಿಂಗಳಿಗೊಮ್ಮೆ ಅನುಭವ ಇರುವ ಇಂಟರ್‌ಪ್ರಿಟರ್ ಒಬ್ಬರನ್ನು ಕರೆಸುತ್ತೇವೆ. ಅವರೂ ಮೇಷ್ಟ್ರೂ ಒಟ್ಟಿಗೆ ಕೂತ ದಿನ ಕಲಿಯುವಷ್ಟು ಬೇರೆ ಯಾವ ದಿನವೂ ಕಲಿಯುವುದಿಲ್ಲ.

ಇನ್ನು ಡಿಪ್ಲೊಮಾ. ಎರಡು ವರ್ಷ, ಪೂರ್ತಿ ದಿನ, ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇದನ್ನು ನಡೆಸುತ್ತದೆ, ಮುಂಬೈನ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲೂ ಇದೆ. ಇದನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ಇದು ಬೇಕೇ ಬೇಕು. ಗುಟ್ಟು ಕಾಪಾಡುವುದು, ತನ್ನ ಅಭಿಪ್ರಾಯ ಸೇರಿಸದಿರುವುದು, ದೊಡ್ಡ ಕಾರ್ಯಕ್ರಮದಲ್ಲಿ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಜೊತೆಗಾರರಿಗೆ ಬಿಟ್ಟುಕೊಡುವುದು, ಇದೆಲ್ಲ ಸಂಜೆ ಕ್ಲಾಸಿನಲ್ಲಿ ಬರುವುದಿಲ್ಲ. ನಮ್ಮ ಸಂಜೆ ಕ್ಲಾಸು ಮುಗಿಸಿದವರನ್ನು ಕೋರ್ಟಿಗೆ, ಆಸ್ಪತ್ರೆಗೆ ನಾನು ಕಳಿಸುವುದಿಲ್ಲ. ಅಲ್ಲಿ ಒಂದು ಸನ್ನೆ ತಪ್ಪಿದರೆ ಒಬ್ಬರ ಜೀವನದ ಪ್ರಶ್ನೆ. ಕಷ್ಟ ಒಂದೇ, ಡಿಗ್ರಿ ಓದುತ್ತಾ ಇದನ್ನು ಮಾಡಲಾಗದು.

ಉಚಿತವಾಗಿ ಸಿಗುವ 10,000 ಪದಗಳ ಸನ್ನೆ ಭಾಷಾ ನಿಘಂಟು (2021ರ ಆವೃತ್ತಿ) ಚೆನ್ನಾಗಿದೆ. ಮನೆಯಲ್ಲಿ ಪದ ನೋಡಿಕೊಳ್ಳಲು ಸಾಕು.

ದುಡ್ಡಿನ ಲೆಕ್ಕ ಹೇಳುತ್ತೇನೆ. ಆನ್‌ಲೈನಿಗೆ ಒಬ್ಬ ವಿದ್ಯಾರ್ಥಿಗೆ ನಾಲ್ಕು ಸಾವಿರ ಆಗಿತ್ತು. ಅದೇ ದುಡ್ಡನ್ನು ಬ್ಯಾಚಿನವರೆಲ್ಲ ಸೇರಿ ಹಾಕಿದರೆ ಮೇಷ್ಟ್ರ ಒಂದು ಸೆಮಿಸ್ಟರ್ ಗೌರವಧನ ಹುಟ್ಟುತ್ತದೆ, ಬಸ್ ಚಾರ್ಜೂ ಸೇರಿ. ಹಾಗಾಗಿ ನಮ್ಮಲ್ಲಿ ಈಗ ಎರಡು ಸೆಮಿಸ್ಟರ್ ಮೇಷ್ಟ್ರ ಹತ್ತಿರ, ಆಮೇಲೂ ಆಸಕ್ತಿ ಉಳಿದವರು ಡಿಗ್ರಿ ಮುಗಿಸಿ ಡಿಪ್ಲೊಮಾಗೆ. ಹೀಗೆ ಹೋದವರು ಅಲ್ಲಿ ಮೊದಲ ದಿನದಿಂದಲೇ ಕಿವುಡ ಶಿಕ್ಷಕರ ಜೊತೆ ಹರಟೆ ಹೊಡೆಯುತ್ತಾರೆ.

ನಿಮ್ಮ ಕಾಲೇಜಿನಲ್ಲಿ ಶುರು ಮಾಡುವುದಾದರೆ ಮೊದಲು ನಿಮ್ಮೂರಿನ ಕಿವುಡರ ಸಂಘಕ್ಕೆ ಹೋಗಿ ಕೇಳಿ. ಗೌರವಧನ ಎಷ್ಟು ಅಂತ ಮೊದಲೇ ಮಾತಾಡಿ, ‘ಸೇವೆ’ ಅಂತ ಪುಕ್ಕಟೆ ಕರೆಯಬೇಡಿ. ಕೋಣೆ ನೋಡುವಾಗ ಫ್ಯಾನಿಗಿಂತ ಮೊದಲು ಬೆಳಕು ನೋಡಿ. ಮೇಷ್ಟ್ರು ಕಿಟಕಿಗೆ ಬೆನ್ನು ಹಾಕಿ ನಿಂತರೆ ಅವರ ಮುಖ ಯಾರಿಗೂ ಕಾಣುವುದಿಲ್ಲ.