ಹಾಸನದಲ್ಲೊಂದು ನಗೆನಾಟಕದ ಆಡಿಷನ್: ಆಯ್ಕೆಯ ಕ್ರಮ ಹೇಗಿತ್ತು?

ಹಾಸನದ ಹವ್ಯಾಸಿ ತಂಡವೊಂದು ಜಾರ್ಜ್ ಬರ್ನಾರ್ಡ್ ಶಾ ಅವರ ‘ಆರ್ಮ್ಸ್ ಅಂಡ್ ದಿ ಮ್ಯಾನ್’ ನಾಟಕವನ್ನು ಕನ್ನಡದಲ್ಲಿ ಆಡಲು ಹೊರಟು, ಅದಕ್ಕಾಗಿ ಶಾಲೆಯೊಂದರ ಸಭಾಂಗಣದಲ್ಲಿ ಮುಕ್ತ ಆಡಿಷನ್ ನಡೆಸಿತು. ಪಾತ್ರ ಬಯಸಿ ಹೋದವರಲ್ಲಿ ನಾನೂ ಒಬ್ಬ. ನಾಟಕ ರಂಗಕ್ಕೇರಿದ ಮೇಲೆ ವಿಮರ್ಶೆ ಬರೆಯಲು ಜನ ಸಿಗುತ್ತಾರೆ. ನಟರನ್ನು ಆರಿಸುವ ಹಂತದ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ಆದರೆ ಕಚೇರಿ ಮುಗಿಸಿಕೊಂಡು, ನೋಂದಣಿ ಶುಲ್ಕವನ್ನೂ ತೆತ್ತು ಬರುವವರಿಗೆ ತಂಡ ಒದಗಿಸುವ ಸೇವೆಯೇ ಇದು ಎಂದು ಭಾವಿಸಿ, ಆ ದೃಷ್ಟಿಯಿಂದಲೇ ಇದನ್ನು ಪರಿಶೀಲಿಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಅಭಿನಯವನ್ನು ಅಳೆದ ರೀತಿ ಬಹಳ ಚೆನ್ನಾಗಿತ್ತು. ಬಂದವರನ್ನು ನಡೆಸಿಕೊಂಡ ರೀತಿ ಸಾಧಾರಣವಾಗಿತ್ತು.

ನಾಟಕವೇನೋ ಹವ್ಯಾಸಿಗಳ ಕೈಗೆ ಎಟುಕುವಂಥದ್ದು. 1894ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರದರ್ಶನಗೊಂಡ ಈ ಹಾಸ್ಯನಾಟಕದ ಕಥೆ 1885ರ ಸರ್ಬಿಯಾ–ಬಲ್ಗೇರಿಯಾ ಯುದ್ಧದ ಕಾಲದ್ದು. ಸರ್ಬಿಯಾದ ಪಡೆಯಲ್ಲಿ ಸಂಬಳಕ್ಕೆ ದುಡಿಯುವ ಬ್ಲುಂಚ್ಲಿ ಎಂಬ ಸ್ವಿಸ್ ಸೈನಿಕ, ಸೋತು ಓಡಿಬಂದು, ಬಲ್ಗೇರಿಯಾದ ಮೇಜರೊಬ್ಬನ ಮಗಳಾದ ರೈನಾಳ ಮಲಗುವ ಕೋಣೆಗೆ ರಾತ್ರಿ ಬಾಲ್ಕನಿಯಿಂದ ನುಗ್ಗುತ್ತಾನೆ. ಮುಖ್ಯ ಪಾತ್ರಗಳು ಏಳೇ. ಮೊದಲ ಅಂಕದಲ್ಲಿ ಬಂದುಹೋಗುವ ರಷ್ಯನ್ ಅಧಿಕಾರಿಯೊಬ್ಬ ಹೆಚ್ಚಿಗೆ. ಮಲಗುವ ಕೋಣೆ, ತೋಟ, ಪುಸ್ತಕದ ಕೋಣೆ ಎಂಬ ಮೂರು ಸಜ್ಜಿಕೆಗಳಲ್ಲಿ ಎಲ್ಲವೂ ನಡೆಯುವುದರಿಂದ ರಣರಂಗವನ್ನು ತೋರಿಸುವ ಖರ್ಚಿಲ್ಲ. ಶಾ ತೀರಿಕೊಂಡದ್ದು 1950ರಲ್ಲಿ. ಮರಣಾನಂತರದ 60 ವರ್ಷಗಳ ಹಕ್ಕುಸ್ವಾಮ್ಯದ ಅವಧಿ ಭಾರತದಲ್ಲಿ 2010ರ ಕೊನೆಗೆ ಮುಗಿದಿರುವುದರಿಂದ ಮೂಲಕೃತಿಗೆ ಗೌರವಧನ ತೆರುವ ಹೊರೆಯೂ ಇಲ್ಲ. ಬಲ್ಗೇರಿಯಾವನ್ನು ಎತ್ತಿ ತಂದು ಮಲೆನಾಡಿನಲ್ಲಿ ಕೂರಿಸುವ ಆಸೆಗೆ ತಂಡ ಬೀಳಲಿಲ್ಲ ಎಂಬುದು ನನಗೆ ವಿಶೇಷವಾಗಿ ಹಿಡಿಸಿತು.

ಪರೀಕ್ಷೆಗೆ ಕೊಟ್ಟ ಮೊದಲ ಭಾಗ ಚಾಕೊಲೇಟಿನ ಸನ್ನಿವೇಶ. ಮೂರು ದಿನ ಗುಂಡಿನ ದಾಳಿಯ ನಡುವೆ ಇದ್ದು, ನಿದ್ದೆಗೆಟ್ಟು, ಹಸಿದು ಬಂದ ಬ್ಲುಂಚ್ಲಿ, ಯುದ್ಧಕ್ಕೆ ಹೋಗುವಾಗ ತಾನು ತೋಟಾಗಳ ಬದಲು ಚಾಕೊಲೇಟ್ ಒಯ್ಯುತ್ತೇನೆಂದು ಹೇಳಿ, ರೈನಾ ಕೊಟ್ಟ ಡಬ್ಬಿಯಲ್ಲಿ ಉಳಿದದ್ದನ್ನು ಗಬಗಬನೆ ತಿನ್ನುತ್ತಾನೆ. ಅವನ ಪಿಸ್ತೂಲಿನಲ್ಲಿ ಗುಂಡೇ ಇಲ್ಲ. ಹಾಸ್ಯನಾಟಕ ಎಂದು ಕೇಳಿಕೊಂಡು ಬಂದಿದ್ದ ಬಹುತೇಕ ಅಭ್ಯರ್ಥಿಗಳು ಟಿ.ವಿ.ಯ ನಗೆ ಕಾರ್ಯಕ್ರಮಗಳ ಧಾಟಿಯಲ್ಲಿ ಕಣ್ಣು ಹೊರಳಿಸಿ, ತೊದಲಿ, ಎಡವಿ ಬಿದ್ದು ನಗಿಸಲು ಹೊರಟರು. ನಿರ್ದೇಶಕರು ಯಾರನ್ನೂ ಗದರಲಿಲ್ಲ. ‘ನಗಿಸುವುದು ಬೇಡ, ಹಸಿವನ್ನಷ್ಟೇ ಆಡಿ’ ಎಂದು ಹೇಳಿ ಅದೇ ಮಾತುಗಳನ್ನು ಮತ್ತೆ ಓದಿಸಿದರು. ಎರಡನೆಯ ಸಲ ಚಾಕೊಲೇಟಿನ ಮೇಲೆ ನಿಜವಾಗಿ ಕಣ್ಣಿಟ್ಟು, ತಗ್ಗಿದ ದನಿಯಲ್ಲಿ, ಆದರೆ ಗಡಿಬಿಡಿಯಿಂದ ಓದಿದವರಿಗೆ ಕಾಯುತ್ತ ಕುಳಿತವರೆಲ್ಲ ತಾವಾಗಿಯೇ ನಕ್ಕರು. ಯುದ್ಧದ ಹಾಸ್ಯಕ್ಕೆ ಭಯವೂ ಹಸಿವೂ ನಿಜವಾಗಿರಬೇಕು. ಅವು ಸುಳ್ಳಾದರೆ ಉಳಿಯುವುದು ಗುಲ್ಲು ಮಾತ್ರ. ಇದನ್ನು ಭಾಷಣದಲ್ಲಿ ಹೇಳದೆ ಒಂದೇ ಸೂಚನೆಯಿಂದ ಎಲ್ಲರಿಗೂ ಕಾಣಿಸಿದ್ದು ಈ ಆಡಿಷನ್ನಿನ ದೊಡ್ಡ ಗುಣ. ನಡುವೆ ಎದುರು ಪಾತ್ರ ಓದುವವರನ್ನು ಏಕಾಏಕಿ ಬದಲಾಯಿಸಿ, ಹೊಸಬರ ಮಾತನ್ನು ಅಭ್ಯರ್ಥಿ ಕಿವಿಗೊಟ್ಟು ಕೇಳುತ್ತಾನೋ, ತನ್ನ ಸರದಿಗಾಗಿ ಸುಮ್ಮನೆ ಕಾಯುತ್ತಾನೋ ಎಂಬುದನ್ನೂ ಗಮನಿಸಿದರು.

ಸರ್ಜಿಯಸ್ ಪಾತ್ರದ ಆಯ್ಕೆ ಇನ್ನೂ ಸ್ವಾರಸ್ಯಕರವಾಗಿತ್ತು. ರೈನಾಳನ್ನು ಮದುವೆಯಾಗಬೇಕಿರುವ ಈ ಬಲ್ಗೇರಿಯನ್ ಅಧಿಕಾರಿ, ಶತ್ರುಗಳ ಮಷಿನ್ ಗನ್ನುಗಳತ್ತ ಕುದುರೆಪಡೆಯನ್ನು ನುಗ್ಗಿಸಿ ಗೆದ್ದವನು. ಗೆದ್ದದ್ದಾದರೂ ಶತ್ರುಗಳ ಬಳಿ ಆ ಗನ್ನುಗಳಿಗೆ ಹೊಂದದ ತೋಟಾಗಳಿದ್ದ ಕಾರಣಕ್ಕೆ. ಕೆಲವರು ಇವನನ್ನು ಉತ್ತರಕುಮಾರನಂತೆ ಅಭಿನಯಿಸಿದರು. ಅದು ಹೊಂದುವುದಿಲ್ಲ. ಅಂತಃಪುರದಲ್ಲಿ ಕೊಚ್ಚಿಕೊಂಡ ಉತ್ತರ ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದ. ಸರ್ಜಿಯಸ್ ಓಡುವವನಲ್ಲ, ಅವನ ಶೌರ್ಯ ಸಾಚಾ, ತಿಳಿವಳಿಕೆ ಮಾತ್ರ ಸೊನ್ನೆ.

ಚನ್ನರಾಯಪಟ್ಟಣದ ಕಡೆಯ ಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ‘ಕುರುಕ್ಷೇತ್ರ’ ಪೌರಾಣಿಕ ನಾಟಕದಲ್ಲಿ ದುರ್ಯೋಧನನಾಗಿ ಪಳಗಿದವರು. ನಮ್ಮ ಕಡೆಯ ಹಳ್ಳಿಗಳಲ್ಲಿ ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಕಲಿಸುವ ಆ ನಾಟಕಗಳಲ್ಲಿ ಪಾತ್ರಕ್ಕೆ ದುಡ್ಡು ಕಟ್ಟುವ ಪದ್ಧತಿಯಿದೆ; ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಪರೀಕ್ಷೆಗೆ ನಿಲ್ಲುವುದು ಅವರಿಗೆ ಹೊಸತು. ಅವರ ಗುಡುಗುವ ದನಿ ಆಧುನಿಕ ನಾಟಕಕ್ಕೆ ಸಲ್ಲದೆಂದು ತಂಡದ ಯುವಕರು ಪಿಸುಗುಟ್ಟುತ್ತಿದ್ದರು. ನಿರ್ದೇಶಕರು ಅವರಿಗೆ ಕೊಟ್ಟದ್ದು ಎರಡನೆಯ ಅಂಕದ ಭಾಗ: ರೈನಾಳೊಡನೆ ಉನ್ನತ ಪ್ರೇಮದ ಮಾತನಾಡಿದ ಸರ್ಜಿಯಸ್, ಅವಳು ಒಳಗೆ ಹೋದೊಡನೆ, ಆ ಉನ್ನತಿಯನ್ನು ಕಾಯ್ದುಕೊಳ್ಳುವುದು ಆಯಾಸದ ಕೆಲಸವೆಂದು ಸೇವಕಿ ಲೂಕಾಳ ಬಳಿ ಹೇಳಿಕೊಳ್ಳುತ್ತಾನೆ. ಮೊದಲರ್ಧವನ್ನು ಆ ಹಿರಿಯರು ಸಭಾಂಗಣ ನಡುಗುವಂತೆ ಹೇಳಿದರು. ಉಳಿದದ್ದನ್ನು ಕಿರೀಟ ತೆಗೆದಿಟ್ಟು ಬೆವರೊರೆಸಿಕೊಳ್ಳುವ ಪಾತ್ರಧಾರಿಯ ಸಹಜ ದನಿಯಲ್ಲಿ ಹೇಳಿಬಿಟ್ಟರು. ಪಿಸುಗುಟ್ಟುತ್ತಿದ್ದವರು ಸುಮ್ಮನಾದರು. ವಯಸ್ಸಿನ ಕಾರಣದಿಂದ ಅವರಿಗೆ ಸಿಕ್ಕದ್ದು ರೈನಾಳ ತಂದೆ ಮೇಜರ್ ಪೆಟ್ಕಾಫನ ಪಾತ್ರ. ಈ ವಿಷಯದಲ್ಲಿ ನನಗೆ ತಂಡದೊಂದಿಗೆ ಭಿನ್ನಾಭಿಪ್ರಾಯವಿದೆ.

ದನಿಯ ಪರೀಕ್ಷೆ ಸರಳವಾಗಿತ್ತು: ಮೈಕಿಲ್ಲದೆ ಆಡಿದ ಮಾತು ಕೊನೆಯ ಸಾಲಿಗೆ ಸ್ಪಷ್ಟವಾಗಿ ತಲುಪಬೇಕು. ಹಾಸನಾಂಬ ಕಲಾಕ್ಷೇತ್ರದಂಥ ಸಭಾಂಗಣದಲ್ಲಿ ಆಡುವ ಉದ್ದೇಶವಿರುವವರಿಗೆ ಇದು ಅಗತ್ಯ.

ಇನ್ನು ಕೊರತೆಗಳು. ರೈನಾ, ಅವಳ ತಾಯಿ ಕ್ಯಾಥರೀನ್, ಲೂಕಾ ಈ ಮೂರು ಪಾತ್ರಗಳಿಗೆ ಬಂದ ಮಹಿಳೆಯರು ಬೆರಳೆಣಿಕೆಯಷ್ಟು. ಇದಕ್ಕೆ ಊರಿನ ಸಂಕೋಚವನ್ನು ದೂರುವುದು ಸುಲಭ. ನನ್ನ ಮಟ್ಟಿಗೆ ಕಾರಣ ಪ್ರಕಟಣೆಯಲ್ಲೇ ಇತ್ತು. ತಾಲೀಮು ಯಾವ ವೇಳೆಗೆ ಆರಂಭ, ಎಷ್ಟು ಹೊತ್ತಿಗೆ ಮುಕ್ತಾಯ, ಎಷ್ಟು ತಿಂಗಳು ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಸುಮಾರು 40 ಕಿಲೋಮೀಟರ್ ದೂರದ ಬೇಲೂರಿನಿಂದಲೋ ಸಕಲೇಶಪುರದಿಂದಲೋ ಬರುವವರಿಗೆ ರಾತ್ರಿಯ ಬಸ್ಸಿನ ಲೆಕ್ಕ ಮೊದಲು, ಪಾತ್ರ ಆಮೇಲೆ. ಲೂಕಾಳ ಪಾತ್ರವನ್ನು ಎಲ್ಲರಿಗಿಂತ ಚುರುಕಾಗಿ ಓದಿದ ಶಿಕ್ಷಕಿಯೊಬ್ಬರು, ತಾಲೀಮು ರಾತ್ರಿ ಹತ್ತರವರೆಗೆ ನಡೆಯುವುದೆಂದು ಕೊನೆಯಲ್ಲಿ ತಿಳಿದು ಹೆಸರು ಹಿಂತೆಗೆದುಕೊಂಡರು. ಇದು ತಂಡಕ್ಕಾದ ನಷ್ಟ.

ಸರದಿಯ ಕ್ರಮವೂ ಸರಿಯಿರಲಿಲ್ಲ. ಎಲ್ಲರನ್ನೂ ಬೆಳಿಗ್ಗೆಯೇ ಕರೆಸಿ, ಕೆಲವರನ್ನು ಸಂಜೆಯವರೆಗೆ ಕಾಯಿಸಲಾಯಿತು. ಅನುಮತಿ ಕೇಳದೆ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ ಕಾರ್ಯಕರ್ತರನ್ನು ಅಭ್ಯರ್ಥಿಯೊಬ್ಬರು ಆಕ್ಷೇಪಿಸಿದ ಮೇಲಷ್ಟೇ ತಡೆಯಲಾಯಿತು. ಆಯ್ಕೆಯಾದವರಿಗೆ ಅಂದೇ ಫೋನ್ ಬಂತು. ಆಯ್ಕೆಯಾಗದವರಿಗೆ ಏನನ್ನೂ ತಿಳಿಸಲಿಲ್ಲ. ಶುಲ್ಕ ಪಡೆದವರು ಎರಡು ಸಾಲಿನ ಸಂದೇಶವನ್ನಾದರೂ ಕಳಿಸಬೇಕಿತ್ತು. ನನಗೆ ಸೇವಕ ನಿಕೋಲಾನ ಪಾತ್ರ ದೊರೆತಿರುವುದರಿಂದ ಇದು ಮುನಿಸಿನ ಮಾತಲ್ಲ.

ಹೊಸದಾಗಿ ಅಭಿನಯಕ್ಕೆ ಇಳಿಯುವವರಿಗೆ ಈ ತಂಡದ ಮುಂದಿನ ಆಡಿಷನ್ನನ್ನು ನಾನು ಶಿಫಾರಸು ಮಾಡುತ್ತೇನೆ. ಪಾತ್ರ ಸಿಗದಿದ್ದರೂ ಆ ಎರಡನೆಯ ಓದಿನಿಂದ ಕಲಿಯುವುದಿದೆ. ಹೊರ ತಾಲ್ಲೂಕಿನವರು ಮಾತ್ರ ಹೆಸರು ನೋಂದಾಯಿಸುವ ಮೊದಲೇ ತಾಲೀಮಿನ ವೇಳೆಯನ್ನು ಕೇಳಿ, ಸಾಧ್ಯವಾದರೆ ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.