35 ಎಂಎಂ, ವೈಡ್ ಲೆನ್ಸ್, ಫೋನ್: ಬುದ್ಧನ ಮುಂದೆ ಮೂರನ್ನೂ ಹಿಡಿದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಬೌದ್ಧ ದೇವಾಲಯಗಳ ಫೋಟೋ ತೆಗೆಯೋಕೆ ಬ್ಯಾಗಿನಲ್ಲಿ ಒಂದೇ ಲೆನ್ಸ್ ಇಟ್ಟುಕೊಳ್ಳಿ ಅಂದರೆ ನಾನು ಇಡುವುದು 35 ಎಂಎಂ, ಎಫ್ 1.8 (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಗೆ ಬಿಡುತ್ತದೆ). ಸೆಕೆಂಡ್ ಹ್ಯಾಂಡ್‌ನಲ್ಲಿ 9,000 ರೂಪಾಯಿಗೆ ಸಿಕ್ಕಿತು. ಅದಕ್ಕೂ ಮೊದಲು 22,000 ಕೊಟ್ಟು ಹೊಸ ವೈಡ್ ಲೆನ್ಸ್ ತಗೊಂಡಿದ್ದೆ, 10-18 ಎಂಎಂ. ಎಂಎಂ ಕಡಿಮೆಯಾದಷ್ಟೂ ಫ್ರೇಮಿನಲ್ಲಿ ಹೆಚ್ಚು ಅಗಲದ ನೋಟ ಸಿಗುತ್ತದೆ. ಅಂಗಡಿಯಲ್ಲಿ "ದೊಡ್ಡ ಮೂರ್ತಿ ಅಂದ್ರೆ ವೈಡ್ ಬೇಕೇ ಬೇಕು" ಅಂದರು. ನಾನೂ ನಂಬಿದೆ. ನನ್ನದು ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕದು) ಇರುವ ಮಾಮೂಲಿ ಮಿರರ್‌ಲೆಸ್ ಕ್ಯಾಮೆರಾ. ಮುಂದೆ ಹೇಳುವುದೆಲ್ಲ ಅದರ ಲೆಕ್ಕದಲ್ಲೇ.

ಹೊಸ ಲೆನ್ಸ್ ಹಿಡಿದು ಮೊದಲು ಹೋಗಿದ್ದು ಬೈಲಕುಪ್ಪೆಗೆ. ನಾವು ಮೈಸೂರಿನವರು, ಬೆಳಗಿನ ಬಸ್ ಹತ್ತಿದರೆ ಹತ್ತು ಗಂಟೆ ಹೊತ್ತಿಗೆ ನಾಮ್ಡ್ರೋಲಿಂಗ್ ಮಠದಲ್ಲಿ ಇರಬಹುದು. ಎಲ್ಲರೂ ಗೋಲ್ಡನ್ ಟೆಂಪಲ್ ಅನ್ನುವುದು ಅದನ್ನೇ. ಒಳಗೆ ಮೂರು ಚಿನ್ನದ ಬಣ್ಣದ ಮೂರ್ತಿಗಳು. ನಡುವೆ 60 ಅಡಿಯ ಬುದ್ಧ, ಅಕ್ಕಪಕ್ಕ ಟಿಬೆಟಿನವರು ಗುರು ಅಂತ ಪೂಜಿಸುವ ಪದ್ಮಸಂಭವ ಮತ್ತು ದೀರ್ಘಾಯುಸ್ಸಿನ ಬುದ್ಧ ಅಮಿತಾಯುಸ್. ವೈಡ್ ಹಾಕಿ, ಮುಂದೆ ಹೋಗಿ ನಿಂತು, ಕ್ಯಾಮೆರಾ ಮೇಲಕ್ಕೆ ಎತ್ತಿದೆ. ಮೂರೂ ಮೂರ್ತಿ ಒಂದೇ ಫ್ರೇಮಿನಲ್ಲಿ ಬಂದವು. ತುಂಬಾ ಖುಷಿಯಾಯಿತು.

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮನೆಗೆ ತಂದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಚೆನ್ನಾಗಿದೆ ಕಣೋ. ಆದ್ರೆ ಬುದ್ಧನ ಮುಖ ಯಾಕೆ ಇಷ್ಟು ಚಿಕ್ಕದಾಗಿದೆ?" ಅಂದರು.

ಆಮೇಲೆ ನನಗೂ ಅದೊಂದೇ ಕಾಣತೊಡಗಿತು. ಪೀಠ ದೊಡ್ಡದು, ಮಡಿಸಿದ ಕಾಲು ಇನ್ನೂ ದೊಡ್ಡದು, ಮೇಲೆ ಹೋದಹಾಗೆ ಮೂರ್ತಿ ಸಣ್ಣಗಾಗುತ್ತಾ ಹೋಗಿ ಕೊನೆಗೆ ನಿಂಬೆಹಣ್ಣಿನಷ್ಟು ತಲೆ. ಅಕ್ಕಪಕ್ಕದ ಇಬ್ಬರೂ ಒಳಕ್ಕೆ ವಾಲಿದ್ದರು. ಅಲ್ಲಿ ಕೂತಾಗ ಮನಸ್ಸಿಗೆ ತಟ್ಟುವುದು ಆ ಅರೆಮುಚ್ಚಿದ ಕಣ್ಣು, ಆ ಶಾಂತಿ. ಫೋಟೋದಲ್ಲಿ ಅದೇ ಇರಲಿಲ್ಲ.

ಕಂಪ್ಯೂಟರಿನಲ್ಲಿ ವಾಲಿದ್ದನ್ನು ನೆಟ್ಟಗೆ ಮಾಡಿದೆ. ಅಂಚು ಕಟ್ ಆಗಿ ಪದ್ಮಸಂಭವನ ಭುಜ ಹೋಯಿತು, ಬುದ್ಧನ ತಲೆ ಉದ್ದಕ್ಕೆ ಎಳೆದಂತಾಯಿತು. ಎರಡು ಸಂಜೆ ಅದರ ಮೇಲೇ ಹೋದವು. ಇನ್ನೊಂದು ಸಲ ಹೋಗಿ 18ರಲ್ಲಿ ತೆಗೆದೆ. ನಿಂತ ಜಾಗ ಅದೇ ಆದ್ದರಿಂದ ತೊಂದರೆಯೂ ಅದೇ. ಆಗ ವಿಷಯ ಅರ್ಥವಾಯಿತು. ಮುಖ ಚಿಕ್ಕದಾಗಿದ್ದು ಲೆನ್ಸಿನಿಂದ ಅಲ್ಲ, ನಾನು ನಿಂತ ಜಾಗದಿಂದ. ಪೀಠ ನನ್ನಿಂದ 20 ಅಡಿ ದೂರ ಇದೆ ಅಂದುಕೊಳ್ಳಿ. ಮುಖ ಅಷ್ಟು ಎತ್ತರದಲ್ಲಿದೆ, ಹಾಗಾಗಿ ಅದು 50 ಅಡಿಗೂ ಜಾಸ್ತಿ ದೂರ. ಎರಡೂವರೆ ಪಟ್ಟು ದೂರ ಇದ್ದದ್ದು ಅಷ್ಟೇ ಪಟ್ಟು ಚಿಕ್ಕದಾಗಿ ಕಾಣುತ್ತದೆ. 80 ಅಡಿ ಹಿಂದಕ್ಕೆ ಹೋದರೆ ಮುಖದ ದೂರ ಸುಮಾರು 95 ಅಡಿ. ಆಗ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಮೂರ್ತಿಯ ಅಳತೆ ಶಿಲ್ಪಿ ಮಾಡಿದ ಹಾಗೇ ಉಳಿಯುತ್ತದೆ.

ಹಾಗಾದರೆ ವೈಡ್ ಇಟ್ಟುಕೊಂಡೇ ಹಿಂದಕ್ಕೆ ಹೋಗಬಹುದಲ್ವಾ? ಹೋದೆ. ಫ್ರೇಮಿನ ತುಂಬ ನೆಲ, ಛಾವಣಿ, ಜನರ ತಲೆ, ದೂರದಲ್ಲಿ ಪುಟ್ಟ ಬುದ್ಧ. ವೈಡ್ ನಮ್ಮನ್ನು ಮುಂದೆ ಬಾ ಅಂತ ಎಳೆಯುತ್ತಲೇ ಇರುತ್ತದೆ. 35 ಹಿಂದಕ್ಕೆ ಕಳಿಸುತ್ತದೆ. ಬಾಗಿಲ ಹತ್ತಿರ ನಿಂತು ಕ್ಯಾಮೆರಾವನ್ನು ತಿರುಗಿಸಿ ಉದ್ದುದ್ದಕ್ಕೆ ಹಿಡಿದರೆ ಪೀಠ ಕಟ್ ಆಗುತ್ತದೆ, ಆದರೆ ಎದೆ, ಕೈ, ಮುಖ ಸರಿಯಾಗಿ ಸಿಗುತ್ತವೆ. ಹಿಂದೆ ನಿಂತವರು ಯಾರ ಪ್ರಾರ್ಥನೆಗೂ ಅಡ್ಡ ಬರುವುದಿಲ್ಲ. ನನಗೆ ಇದು ಫೋಟೋದಷ್ಟೇ ಮುಖ್ಯ.

ಇನ್ನು ಬೆಳಕು. ನನ್ನ ವೈಡ್ 18ರಲ್ಲಿ ಎಫ್ 5.6 ಆಗುತ್ತದೆ. ಎಫ್ 1.8 ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಜಂತಾದ 1ನೇ ಗುಹೆಯಲ್ಲಿ ಇದರ ಬೆಲೆ ಗೊತ್ತಾಯಿತು. ಅಲ್ಲಿ ಫ್ಲ್ಯಾಶ್ ಹಾಕುವಂತಿಲ್ಲ, ಬಣ್ಣಕ್ಕೆ ಹಾನಿ. ಇರುವ ಮಂದ ಬೆಳಕಿನಲ್ಲೇ ಬೋಧಿಸತ್ವ ಪದ್ಮಪಾಣಿಯ ಚಿತ್ರ, ಒಳಗಡೆಯ ಬುದ್ಧ ಎರಡನ್ನೂ ತೆಗೆಯಬೇಕು. ಆ ಬುದ್ಧನ ಮುಖಕ್ಕೆ ಎಡದಿಂದ ಬೆಳಕು ಬಿದ್ದರೆ ಒಂದು ಭಾವ, ಬಲದಿಂದ ಬಿದ್ದರೆ ಇನ್ನೊಂದು. 35ರಲ್ಲಿ ಅದು ಸಿಕ್ಕಿತು. ವೈಡ್‌ನಲ್ಲಿ ಒಂದೋ ಕೈ ಅಲುಗಿತು, ಇಲ್ಲ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸಿ ಚಿತ್ರ ಮರಳು ಮರಳಾಯಿತು.

ಟ್ರೈಪಾಡ್ ಬಗ್ಗೆ ಒಂದೇ ಮಾತು: ಅಜಂತಾದಂಥ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಮೊದಲೇ ಅನುಮತಿ ಬೇಕು, ಜನ ಓಡಾಡುವ ಗುಡಿಯಲ್ಲಿ ಅದನ್ನು ಬಿಚ್ಚಿ ನಿಲ್ಲಿಸುವುದು ಸರಿಯಲ್ಲ.

ವೈಡ್ ಗೆದ್ದ ಜಾಗಗಳೂ ಇವೆ, ಅದನ್ನು ಮುಚ್ಚಿಡುವುದಿಲ್ಲ. ಬ್ಯಾಂಕಾಕ್‌ನ ವಾಟ್ ಫೋದಲ್ಲಿ ಮಲಗಿರುವ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಕಟ್ಟಡ ಮೂರ್ತಿಗೆ ಅಳತೆ ತೆಗೆದು ಹೊದಿಸಿದಂತಿದೆ. ಹಿಂದಕ್ಕೆ ಹೋಗೋಣ ಅಂದರೆ ಜಾಗವೇ ಇಲ್ಲ, ನಡುವೆ ಸಾಲು ಕಂಬಗಳು ಬೇರೆ. ಪಾದದ ಕಡೆ ನಿಂತು ವೈಡ್‌ನಲ್ಲಿ ತೆಗೆದರೆ ಮಾತ್ರ ಪಾದದಿಂದ ತಲೆಯವರೆಗೆ ಒಟ್ಟಿಗೆ ಬರುತ್ತದೆ. ಆದರೆ ಅದೇ ಪಾದದ ಮೇಲೆ ಮುತ್ತಿನ ಚಿಪ್ಪಿನಲ್ಲಿ ಕೂರಿಸಿದ 108 ಮಂಗಳ ಚಿಹ್ನೆಗಳಿವೆಯಲ್ಲ, ಅವುಗಳ ಹೊಳಪು 35ರಲ್ಲೇ ಚೆಂದ. ಶ್ರೀಲಂಕಾದ ದಂಬುಲ್ಲ ಗುಹೆಗಳಲ್ಲೂ ಹಾಗೇ. ತಲೆ ಮೇಲಿನ ಬಂಡೆಯ ತುಂಬ ಚಿತ್ರ ಬರೆದಿದ್ದಾರೆ, ಅದಕ್ಕೆ ವೈಡೇ ಸರಿ.

ಫೋನ್? ಹಗಲು ಹೊರಾಂಗಣಕ್ಕೆ ಸಾಕು. ಒಳಗೆ ನೈಟ್ ಮೋಡ್ ಹಾಕಿದರೆ ಮೂರ್ತಿ ಚೆನ್ನಾಗಿ ಬರುತ್ತದೆ, ಅಲುಗಾಡುವ ಭಿಕ್ಷುಗಳು ಮಸುಕಾಗುತ್ತಾರೆ. ಚಿನ್ನದ ಬಣ್ಣವನ್ನು ಜಾಸ್ತಿ ನುಣ್ಣಗೆ ಮಾಡಿಬಿಡುತ್ತದೆ. ದೊಡ್ಡ ಅಡ್ಡಿ ಅಂದರೆ ಬೋಧಗಯಾ. 2013ರಲ್ಲಿ ಮಹಾಬೋಧಿ ದೇವಾಲಯದಲ್ಲಿ ಬಾಂಬ್ ಸ್ಫೋಟವಾದ ಮೇಲೆ ಅಲ್ಲಿ ಮೊಬೈಲ್ ಒಳಗೆ ಬಿಡುವುದಿಲ್ಲ, ಹೊರಗೆ ಕೌಂಟರಿನಲ್ಲಿ ಕೊಟ್ಟು ಹೋಗಬೇಕು. ಕ್ಯಾಮೆರಾಕ್ಕೆ ಟಿಕೆಟ್ ತೆಗೆಸಿದರೆ ಬಿಡುತ್ತಾರೆ. ಫೋನ್ ಒಂದನ್ನೇ ನಂಬಿ ಬಂದವರು ಬೋಧಿವೃಕ್ಷದ ಕೆಳಗೆ ಬರಿಗೈಲಿ ಕೂತಿದ್ದರು. ನನಗೂ ಅಲ್ಲಿ ಫೋನ್ ಇಲ್ಲದಿದ್ದದ್ದು ಹಿತವಾಗಿತ್ತು. ಸಂಜೆ ಆ ಮರದ ಕೆಳಗೆ ಬೇರೆ ಬೇರೆ ದೇಶದವರು ತಮ್ಮ ತಮ್ಮ ಭಾಷೆಯಲ್ಲಿ ಪಠಿಸುತ್ತಿದ್ದರು, ಯಾರ ಕೈಯಲ್ಲೂ ಫೋನ್ ಇರಲಿಲ್ಲ.

35ರ ಜೊತೆ ಒಂದು ಎಚ್ಚರಿಕೆ. ಪೂಜೆ ನಡೆಯುವಾಗ ಸದ್ದು ಬೇಡ ಅಂತ ಸೈಲೆಂಟ್ ಶಟರ್ ಹಾಕಿದ್ದೆ. ಎಲ್‌ಇಡಿ ದೀಪಗಳ ಕೆಳಗೆ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದವು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಇಂಥ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಗುತ್ತವೆ. ಬೆಳಕು ಹೆಚ್ಚು ಬಿಡುವ ಲೆನ್ಸ್ ಇದ್ದರೆ 1/100ರಲ್ಲೂ ಧೈರ್ಯವಾಗಿ ತೆಗೆಯಬಹುದು.

ಇನ್ನೊಂದು ವಿಷಯ, ಯಾವ ಕ್ಯಾಮೆರಾ ಆದರೂ ಸರಿ. ಶ್ರೀಲಂಕಾದಲ್ಲಿ ಬುದ್ಧನಿಗೆ ಬೆನ್ನು ಹಾಕಿ ಪೋಸ್ ಕೊಡಬೇಡಿ. ಅಲ್ಲಿನವರಿಗೆ ನಿಜವಾಗಿ ನೋವಾಗುತ್ತದೆ. ಬ್ಯಾಂಕಾಕ್‌ನ ಪಚ್ಚೆ ಬುದ್ಧನ ಗುಡಿಯೊಳಗೆ ಫೋಟೋನೇ ತೆಗೆಯುವಂತಿಲ್ಲ, ಸುಮ್ನೆ ಕೂತು ನೋಡಿ ಬನ್ನಿ.

ನನ್ನ ಅಭ್ಯಾಸ ಅಂದರೆ ಒಂದೇ ಗುಡಿಯಲ್ಲಿ ಒಂದೆರಡು ಗಂಟೆ ಕೂರುವುದು, ಮೂವತ್ತು ಫೋಟೋ ತೆಗೆದರೆ ಜಾಸ್ತಿ. ಅದಕ್ಕೆ 35 ಹೊಂದುತ್ತದೆ. ಒಂದೇ ದಿನ ನಾಲ್ಕು ಗುಡಿ ಸುತ್ತಿ ಕಟ್ಟಡ, ಛಾವಣಿ, ಪ್ರಾಂಗಣ ಎಲ್ಲಾ ಬೇಕು ಅನ್ನುವವರು ವೈಡ್ ತಗೊಳ್ಳಿ, ಆದರೆ ಬೆಂಗಳೂರಿನಲ್ಲಿ ಎರಡು ದಿನಕ್ಕೆ ಬಾಡಿಗೆಗೆ ತಂದು ನೋಡಿ ಆಮೇಲೆ ದುಡ್ಡು ಹಾಕಿ. ನಾನು ನನ್ನದನ್ನು 13,000ಕ್ಕೆ ಮಾರಿದೆ.

ಮುಂದಿನ ಆಸೆ ಇಂಡೋನೇಷ್ಯಾದ ಬೊರೊಬುದೂರ್. 504 ಬುದ್ಧ ಮೂರ್ತಿಗಳು, 2,672 ಉಬ್ಬುಶಿಲ್ಪದ ಫಲಕಗಳು, ಬಹುಪಾಲು ಬಯಲು ಬೆಳಕಿನಲ್ಲಿ. ಫಲಕಗಳಿರುವ ಓಣಿ ಕಿರಿದು, ಹಿಂದಕ್ಕೆ ಸರಿಯೋಕೆ ಗೋಡೆ ಅಡ್ಡ. ಅಲ್ಲಿಗೆ ಮಾತ್ರ ವೈಡ್ ಬಾಡಿಗೆಗೆ ತಗೊಂಡು ಹೋಗುತ್ತೇನೆ.