ಸೀಫುಡ್ ನೂಡಲ್ಸ್ ಮೂರು ದೇಶದ್ದು ತಿಂದು ನೋಡಿದೆ, ನಿಯೊಗುರಿಗೆ 10ರಲ್ಲಿ 9

ಮೀನಿನ ಊರಲ್ಲಿ ಹುಟ್ಟಿ ಬೆಳೆದವಳು ನಾನು, ಪ್ಯಾಕೆಟ್ ಮೇಲೆ ದೊಡ್ಡ ಸಿಗಡಿ ಚಿತ್ರ ಹಾಕಿ ಒಳಗೆ ಬರೀ ಉಪ್ಪು ಖಾರ ತುಂಬಿಸಿದ್ರೆ ನಾಲಗೆಗೆ ಕೂಡ್ಲೇ ಗೊತ್ತಾಗ್ತದೆ. ಹಾಗಾಗಿ ಮೂರನ್ನೂ ಮೊಟ್ಟೆ, ತರಕಾರಿ ಎಂತದ್ದೂ ಸೇರಿಸದೆ ಮಾಡಿ ತಿಂದೆ. ಸಾರಲ್ಲಿ ಸಮುದ್ರ ಉಂಟಾ ಇಲ್ವಾ, ನಾನು ನೋಡಿದ್ದು ಅದನ್ನೇ.

ಕೊರಿಯಾದ ನಾಂಗ್‌ಶಿಮ್‌ನವರ ನಿಯೊಗುರಿ, ಖಾರದ್ದು. 1982ರಿಂದ ಬರ್ತಾ ಉಂಟು ಇದು. ಪ್ಯಾಕೆಟ್ ಒಡೆದ್ರೆ ಮಸಾಲೆ ಪುಡಿ, ಒಣ ತರಕಾರಿ ಜೊತೆಗೆ ಕಪ್ಪು ಹಸಿರು ಬಣ್ಣದ ಗಟ್ಟಿ ತುಂಡೊಂದು ಬೀಳ್ತದೆ, ಮೇಲೆ ತೆಳ್ಳಗೆ ಬಿಳಿ ಧೂಳು ಕೂತ ಹಾಗೆ ಕಾಣ್ತದೆ. ಹಾಳಾಗಿದೆ ಅಂತ ಬಿಸಾಡಬೇಡಿ ಮಾರಾಯ್ರೆ, ಅದೇ ದಾಶಿಮಾ, ಒಣಗಿಸಿದ ಕೆಲ್ಪ್ ಕಡಲಪಾಚಿ, ಇಡೀ ಪ್ಯಾಕೆಟಿನ ಜೀವ ಇರುದೇ ಅದ್ರಲ್ಲಿ. 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಉಮಾಮಿ, ಅಂದ್ರೆ ಮಾಂಸದ ಸಾರಿನಂಥ ಗಾಢ ರುಚಿ, ಕೊಡುವ ಗ್ಲುಟಮೇಟನ್ನು ಪತ್ತೆ ಮಾಡಿದ್ದು ಇದೇ ಜಾತಿಯ ಪಾಚಿಯ ಸಾರಿನಿಂದ. 550 ಎಂಎಲ್ ತಣ್ಣೀರಿಗೇ ಆ ತುಂಡು ಹಾಕಿ ಒಲೆ ಹಚ್ಚಿದೆ, ಕುದಿ ಬಂದ ಮೇಲೆ ನೂಡಲ್ಸ್, 5 ನಿಮಿಷ. ಎಳೆ ದಪ್ಪ, ಜಪಾನಿನ ಉಡೊನ್ ನೂಡಲ್ಸ್ ತರ, ಹಲ್ಲಿಗೆ ಒಳ್ಳೆ ಹಿಡಿತ ಸಿಗ್ತದೆ, ಪಾಚಿ ತುಂಡು ಅಂಗೈಯಷ್ಟು ಅಲ್ಲದಿದ್ರೂ ಚೆನ್ನಾಗಿಯೇ ಅರಳಿ ಮೆತ್ತಗಾಗಿತ್ತು, ಅದನ್ನೂ ತಿಂದೆ. ಅಮ್ಮನಿಗೆ ಸಾರು ಎರಡು ಚಮಚ ಕೊಟ್ಟೆ, ಕುಡಿದವ್ರೇ "ಮರುವಾಯಿ ಬೇಯಿಸಿದ ನೀರು ಹಾಕಿದ್ಯಾ ಇದಕ್ಕೆ?" ಅಂತ ಕೇಳಿದ್ರು, ಮರುವಾಯಿ ಅಂದ್ರೆ ನಮ್ಮ ಕಡೆಯ ಚಿಪ್ಪುಮೀನು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಡ. ಒಂದು ಮಾರ್ಕ್ ಕಡಿಮೆ ಕೊಟ್ಟದ್ದು ಉಪ್ಪಿಗೆ, ಸಾರು ಪೂರ್ತಿ ಕುಡಿದ್ರೆ ರಾತ್ರಿಯಿಡೀ ಬಾಯಾರಿಕೆ.

ನಿಸ್ಸಿನ್ ಕಪ್ ನೂಡಲ್ ಸೀಫುಡ್, ಭಾವ ಜಪಾನಿಂದ ಬರುವಾಗ ತಂದದ್ದು, 1984ರಲ್ಲಿ ಶುರುವಾದ ಫ್ಲೇವರ್. ಬಿಸಿನೀರು ಹಾಕಿ 3 ನಿಮಿಷ ಮುಚ್ಚಿಟ್ರೆ ಆಯ್ತು. ಸಾರು ಬೆಳ್ಳಗೆ, ಖಾರ ಇಲ್ಲವೇ ಇಲ್ಲ. ಆದ್ರೆ ಒಳಗೆ ನಿಜವಾದ ಬೊಂಡಾಸ್ (ಸ್ಕ್ವಿಡ್) ತುಂಡುಗಳುಂಟು, ಕಿರುಬೆರಳಿನ ಉಗುರಿನಷ್ಟು, ಅಂಚು ಸುರುಳಿ ಸುತ್ತಿಕೊಂಡು, ಕಚ್ಚಿದ್ರೆ ಬೊಂಡಾಸಿನ ಆ ರಬ್ಬರ್ ಗುಣ ಹಾಗೇ ಉಳಿದಿದೆ. ಎಲೆಕೋಸು, ಮೊಟ್ಟೆ, ಏಡಿ ರುಚಿಯ ಮೀನಿನ ತುಂಡೂ ಸಿಗ್ತದೆ. ಹಂದಿಯ ಅಂಶ ಉಂಟು, ತಿನ್ನದವರು ನೋಡಿಕೊಳ್ಳಿ. 10ರಲ್ಲಿ 8. ಜ್ವರ ಬಂದು ಬಾಯಿ ಕೆಟ್ಟಾಗ ನಾನಂತೂ ಇದನ್ನೇ ಕೇಳ್ತೇನೆ.

ಥಾಯ್ಲೆಂಡಿನ ಮಾಮಾ ಕಂಪೆನಿಯ ಶ್ರಿಂಪ್ ಟೊಮ್ ಯಮ್, ಅಂದ್ರೆ ಅಲ್ಲಿನ ಹುಳಿ ಖಾರದ ಸಿಗಡಿ ಸಾರಿನ ರುಚಿಯದ್ದು, ಬೇಗ ಹೇಳಿ ಮುಗಿಸ್ತೇನೆ. ಮಜ್ಜಿಗೆಹುಲ್ಲಿನ ಪರಿಮಳ, ಲಿಂಬೆ ಹುಳಿ ಬಹಳ ಚಂದ, ಸಿಗಡಿ ಮಾತ್ರ ಎಲ್ಲೋ ಹಿಂದೆ ನಿಂತ ಹಾಗೆ. 6. ಮರುದಿನ ಇನ್ನೊಂದು ಪ್ಯಾಕೆಟ್ ಮಾಡಿ ಒಣ ಸಿಗಡಿ ಒಂದು ಮುಷ್ಟಿ ಹುರಿದು ಪುಡಿ ಮಾಡಿ ಮೇಲೆ ಹಾಕಿದೆ, ಆಗ 8ಕ್ಕೆ ಏರಿತು.

ತಗೊಳ್ಳುವವರಿಗೆ ಒಂದು ಮಾತು, ನಾನು ಮೊದಲು ನಿಯೊಗುರಿ ತಂದ ಅಂಗಡಿಯಲ್ಲಿ ರೇಟಿನ ಸ್ಟಿಕ್ಕರನ್ನು ಎಕ್ಸ್‌ಪೈರಿ ಡೇಟಿನ ಮೇಲೆಯೇ ಅಂಟಿಸಿದ್ರು, ಮನೆಗೆ ಬಂದು ಕಿತ್ತು ನೋಡಿದ್ರೆ ಡೇಟ್ ಮುಗಿದು ಎರಡು ತಿಂಗಳು, ಎಣ್ಣೆ ಕಮಟು ವಾಸನೆ, ಬಿಸಾಡಬೇಕಾಯ್ತು, ತುಂಬಾ ಬೇಜಾರಾಯ್ತು. ಅಂಗಡಿಯಲ್ಲೇ ಸ್ಟಿಕ್ಕರ್ ಎತ್ತಿ ನೋಡಿ ಆಮೇಲೆ ದುಡ್ಡು ಕೊಡಿ.